ರಂಜಕ ಅತಿ ಹೆಚ್ಚು

ಫೋನ್ ಮಾಡಲು ಒಂದು ನೆಪ ಬೇಕಾಗಿತ್ತು. ಹಲ್ಲುಜ್ಜುವಾಗ ಅದು ಸಿಕ್ಕಿತು. ಸುಣ್ಣ ಹಾಕಿದ ದಿನವೇ ಯೂರಿಯಾವನ್ನೂ ಹಾಕಿಬಿಡಬಹುದೆ, ಅಥವಾ ನಡುವೆ ಬಿಡುವು ಕೊಡಬೇಕೆ? ಉತ್ತರ ಅವನಿಗೆ ಗೊತ್ತಿತ್ತು. ಮಣ್ಣು ಪರೀಕ್ಷೆಯ ವರದಿಯ ಹಿಂಬದಿಯಲ್ಲಿ ಅಚ್ಚಾಗಿದ್ದ ಸೂಚನೆಗಳಲ್ಲೇ ಅದಿತ್ತು. ಆದರೆ ಅಷ್ಟು ಸಣ್ಣ ಅಕ್ಷರವನ್ನು ಯಾರು ಓದುತ್ತಾರೆ? ಕೇಳಿದರೆ ದಡ್ಡನ ಹಾಗೆ ಕಾಣುವುದಿಲ್ಲ, ಜಾಗರೂಕನಾದ ಮನುಷ್ಯನ ಹಾಗೆ ಕಂಡರೂ ಕಂಡೀತು. ಬಾಯ ನೊರೆಯನ್ನು ಉಗುಳಿ ಕನ್ನಡಿ ನೋಡಿಕೊಂಡಾಗ ತಾನು ನಗುತ್ತಿರುವುದು ಕಂಡು ಅವನಿಗೆ ನಾಚಿಕೆಯಾಯಿತು. ಐವತ್ತು ದಾಟಿದ ಗಂಡಸು, ಮಣ್ಣು ಪರೀಕ್ಷಾ ಕೇಂದ್ರದ, ಮುಖ ನೋಡಿಲ್ಲದ ಒಬ್ಬಳಿಗೆ ಫೋನ್ ಮಾಡಲು ಬೆಳಗ್ಗೆ ಎದ್ದು ಪ್ರಶ್ನೆ ಹುಡುಕುತ್ತಿದ್ದಾನೆ. ಛೆ, ಅಂಥದ್ದೇನಲ್ಲ ಎಂದು ಅವನು ಕನ್ನಡಿಗೆ ಹೇಳಿದ. ಅಂಥದ್ದಲ್ಲವೆಂಬುದು ನಿಜವೂ ಆಗಿತ್ತು. ಅವಳ ವಯಸ್ಸೆಷ್ಟು, ನೋಡಲು ಹೇಗಿರಬಹುದು ಎಂದು ಅವನು ಒಮ್ಮೆಯೂ ಯೋಚಿಸಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಆ ದನಿ ‘ಹೇಳಿ ಸಾರ್’ ಎಂದು ಕೇಳಿ, ಆಮೇಲೆ ಸುಮ್ಮನಿರುವುದು. ಅವನು ಹೇಳುವುದಕ್ಕಾಗಿ ಇನ್ನೊಬ್ಬರು ಕಾಯುವುದು. ಅಂಗಡಿಯಲ್ಲಿ ದಿನವಿಡೀ ಅವನೇ ಇನ್ನೊಬ್ಬರಿಗಾಗಿ ಕಾಯುತ್ತಿದ್ದ. ಗಿರಾಕಿಗಳ ಮೂಗಿನ ಮೇಲೆ ಪರೀಕ್ಷೆಯ ಚೌಕಟ್ಟು ಕೂರಿಸಿ, ಗಾಜು ಬದಲಿಸಿ ಬದಲಿಸಿ, ‘ಇದು ಸ್ಪಷ್ಟಾನಾ, ಇದು ಸ್ಪಷ್ಟಾನಾ? ಅವಸರ ಇಲ್ಲ, ನಿಧಾನವಾಗಿ ಹೇಳಿ’ ಎಂದು ಕೇಳಿ ಕೇಳಿ ಅವನ ನಾಲಿಗೆಗೆ ಆ ಮಾತು ಒಗ್ಗಿಹೋಗಿತ್ತು. ಬೇರೆಯವರ ಕಣ್ಣಿಗೆ ಯಾವುದು ಸ್ಪಷ್ಟ ಎಂದು ತಾಳ್ಮೆಯಿಂದ ಕೇಳುವುದೇ ಅವನ ಹೊಟ್ಟೆಪಾಡು. ಇವತ್ತು ಅಂಗಡಿಗೆ ವಾರದ ರಜೆ. ಸಂಜೆಯ ಹೊತ್ತಿಗೆ ಅವಳು, ಅಂದರೆ ಹೆಂಡತಿ, ಹೊಲಿಗೆ ಯಂತ್ರ ಒಯ್ಯಲು ಬರುವವಳಿದ್ದಳು.

ಮನೆಯ ಮುಂದಿನ ಹುಲ್ಲು ಎರಡು ಕೋಣೆಗಳಷ್ಟು ಅಗಲವಿತ್ತು. ಮನೆ ಕೊಂಡ ವರ್ಷ ಅದನ್ನು ಹಾಸಿಸಿದವಳು ಅವಳೇ, ದಿನಾ ಸಂಜೆ ಅಲ್ಲಿಗೆ ಇಳಿಯುತ್ತಿದ್ದವಳೂ ಅವಳೇ. ಅವಳು ಹೋದ ಮೇಲೆ ಅದು ಅಲ್ಲಲ್ಲಿ ಹಳದಿಗಟ್ಟುತ್ತ ಬಂತು. ಮೊದಲು ಅವನು ಅದನ್ನು ಗಮನಿಸಲೇ ಇಲ್ಲ. ಗಮನಿಸಿದ ಮೇಲೆ ಬೇರೇನೂ ಕಾಣದಂತಾಯಿತು. ಅಕ್ಕಪಕ್ಕದ ಮನೆಗಳ ಹುಲ್ಲು ದಟ್ಟ ಹಸಿರು. ಸಾಲಿನ ನಡುವೆ ತನ್ನ ಮನೆಯದೊಂದೇ ಕಾಯಿಲೆಯವನ ನಾಲಿಗೆಯಂತೆ. ನೀರು ಜಾಸ್ತಿ ಬಿಟ್ಟ, ಕಡಿಮೆ ಬಿಟ್ಟ. ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ, ‘ಮಣ್ಣು ಟೆಸ್ಟ್ ಮಾಡಿಸಿ ಸಾರ್, ಸುಮ್ನೆ ಕಣ್ಣುಮುಚ್ಚಿ ಏನೇನೋ ಹಾಕ್ಬೇಡಿ’ ಎಂದಾಗ, ಯಾರೋ ತನಗೊಂದು ಕೆಲಸ ಕೊಟ್ಟರಲ್ಲ ಎಂದು ಅವನಿಗೆ ಖುಷಿಯಾಗಿತ್ತು. ಹುಲ್ಲಿನ ಮೇಲೆ ಅಡ್ಡಾದಿಡ್ಡಿ ನಡೆಯುತ್ತ ಅಲ್ಲೊಂದು ಕಡೆ ಇಲ್ಲೊಂದು ಕಡೆ ಬೆರಳುದ್ದ ಅಗೆದು ಮಣ್ಣು ತೆಗೆದಿದ್ದ. ಎಲ್ಲವನ್ನೂ ಬಕೆಟ್ಟಿನಲ್ಲಿ ಕಲಸಿ, ಬೇರು ಕಲ್ಲು ಆರಿಸಿ, ಹಳೆಯ ಪೇಪರಿನ ಮೇಲೆ ನೆರಳಲ್ಲಿ ಒಣಗಿಸಿ, ಬಟ್ಟೆಯ ಚೀಲಕ್ಕೆ ತುಂಬಿ ಕಳಿಸಿದ್ದ. ಬಂದ ವರದಿ ಒಂದೇ ಹಾಳೆ. ಮಣ್ಣು ಹುಳಿ. ಸಾರಜನಕ ಕಡಿಮೆ. ಪೊಟ್ಯಾಷ್ ಕಡಿಮೆ. ರಂಜಕ ಅತಿ ಹೆಚ್ಚು. ಅತಿ ಹೆಚ್ಚು ಎಂಬುದರ ಕೆಳಗೆ ಯಾರೋ ಪೆನ್ನಿನಿಂದ ಗೆರೆ ಎಳೆದಿದ್ದರು. ಆ ಗೆರೆಯ ಬಗ್ಗೆ ಕೇಳಲೆಂದೇ ಅವನು ಮೊದಲ ಸಲ ಫೋನ್ ಮಾಡಿದ್ದು. ಆಗ ಆಕೆ, ‘ಇಷ್ಟೊಂದು ಹೇಗೆ ಬಂತು ಸಾರ್? ವರ್ಷಾ ವರ್ಷಾ ಏನಾದ್ರೂ ಹಾಕ್ತಿದ್ರಾ? ಮೂಳೆ ಪುಡಿ, ಗೊಬ್ಬರ, ಏನಾದ್ರೂ?’ ಎಂದು ಕೇಳಿದ್ದಳು. ‘ಗೊತ್ತಿಲ್ಲ. ಅದೆಲ್ಲ ಮನೆಯವರು ನೋಡ್ಕೊಳ್ತಿದ್ರು’ ಎಂದು ಅವನು ಹೇಳಿದ್ದ. ಹೇಳಿದ ಮೇಲೆ ‘ನೋಡ್ಕೊಳ್ತಿದ್ರು’ ಎಂಬುದು ಕಿವಿಯಲ್ಲಿ ಉಳಿಯಿತು. ಸತ್ತವರ ಬಗ್ಗೆ ಹೇಳುವ ಹಾಗಿತ್ತು ಅದು. ತಿದ್ದಬೇಕೆನಿಸಿತು, ಆದರೆ ಹೇಗೆ ತಿದ್ದುವುದು?

ಇವತ್ತು ಮೂರನೆಯ ರಿಂಗಿಗೇ ಆಕೆ ಎತ್ತಿಕೊಂಡಳು. ‘ಹೇಳಿ ಸಾರ್.’ ಅವನು ತನ್ನ ಪ್ರಶ್ನೆಯನ್ನು ನಿಧಾನವಾಗಿ, ಸ್ವಲ್ಪ ಉದ್ದ ಮಾಡಿಯೇ ಹೇಳಿದ. ಬೆಳಗಿನ ಇಬ್ಬನಿ, ಒದ್ದೆ ಹುಲ್ಲಿಗೆ ಪುಡಿ ಅಂಟಿಕೊಳ್ಳುವ ಭಯ, ಎಲ್ಲವನ್ನೂ ಸೇರಿಸಿದ. ‘ಒಂದ್ನಿಮಿಷ ಸಾರ್, ಕೇಳಿ ಹೇಳ್ತೀನಿ’ ಎಂದು ಆಕೆ ರಿಸೀವರನ್ನು ಮೇಜಿನ ಮೇಲಿಟ್ಟ ಸದ್ದಾಯಿತು. ಜರಡಿ ಆಡಿಸುವ ಸದ್ದು, ನಲ್ಲಿಯ ನೀರು, ಕುರ್ಚಿ ಎಳೆದದ್ದು. ಆ ಕೋಣೆ ಎಷ್ಟು ಬೆಚ್ಚಗಿದೆ, ಎಷ್ಟು ಜನ ಇದ್ದಾರೆ ಎಂದು ಅವನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡ.

‘ಯಾರೇ ಅದು?’ ಎಂದಿತು ಇನ್ನೊಂದು ಹೆಣ್ಣು ದನಿ.

‘ಇನ್ಯಾರು, ಹುಲ್ಲಪ್ಪ.’

‘ಮತ್ತೇನಂತೆ?’

‘ಸುಣ್ಣದ ಜೊತೆಗೇ ಯೂರಿಯಾ ಹಾಕ್ಬಹುದಾ ಅಂತ. ಹಿಂದುಗಡೆ ಬರ್ದಿದೆ, ಓದೇ ಇರ್ತಾನೆ. ಪಾಪ, ಮಾತಾಡೋಕೆ ಯಾರೂ ಇಲ್ಲ ಅನ್ಸುತ್ತೆ ಕಣೆ.’

‘ಹೆಂಡ್ತಿ ಇಲ್ವಾ?’

‘ಇದ್ದಿದ್ರೆ ಹುಲ್ಲಿನ ಬಗ್ಗೆ ಇಷ್ಟು ಮಾತಾಡ್ತಿದ್ನಾ?’

ಇಬ್ಬರೂ ನಕ್ಕರು. ಕೆಟ್ಟ ನಗೆಯಲ್ಲ, ಕೆಲಸದ ನಡುವೆ ಬೆನ್ನು ನೆಟ್ಟಗೆ ಮಾಡಿಕೊಂಡು ನಗುವ ಬಿಡುವಿನ ನಗೆ. ಫೋನ್ ಇಟ್ಟುಬಿಡಬೇಕಿತ್ತು. ಇಟ್ಟರೆ ಕೇಳಿಸಿಕೊಂಡನೆಂದು ಅವರಿಗೆ ಗೊತ್ತಾಗುತ್ತದೆ, ಆಕೆಗೆ ಬೇಜಾರಾಗುತ್ತದೆ. ಹಾಗಾಗಿ ಕಾದ. ‘ಹಲೋ ಸಾರ್, ಬೇಡ. ಮೊದ್ಲು ಸುಣ್ಣ ಹಾಕಿ, ನೀರು ಬಿಡಿ. ಎರಡು ಮೂರು ವಾರ ಬಿಟ್ಟು ಯೂರಿಯಾ, ಅದೂ ಸ್ವಲ್ಪ ಸ್ವಲ್ಪವೇ. ಒಟ್ಟಿಗೆ ಹಾಕಿದ್ರೆ ಸಾರಜನಕ ಗಾಳಿಗೆ ಹೋಗ್ಬಿಡುತ್ತೆ.’ ಆ ದನಿಯಲ್ಲಿ ಯಾವ ವ್ಯತ್ಯಾಸವೂ ಇರಲಿಲ್ಲ, ಅಷ್ಟೇ ಮೃದು, ಅಷ್ಟೇ ಸಾವಧಾನ. ಅದನ್ನೇ ಅವನಿಗೆ ತಡೆಯಲಾಗಲಿಲ್ಲ. ‘ಬಹಳ ಉಪಕಾರ ಆಯ್ತಮ್ಮ’ ಎಂದ. ಹಿಂದೆಂದೂ ಅವನು ಆಕೆಯನ್ನು ಅಮ್ಮಾ ಎಂದಿರಲಿಲ್ಲ. ಫೋನಿಟ್ಟ ಮೇಲೆ ಕಿವಿ ಬಿಸಿಯಾಗಿತ್ತು, ಯಾರೋ ಹಿಡಿದು ತಿರುವಿದ ಹಾಗೆ. ಹುಲ್ಲಪ್ಪ. ಇದ್ದಿದ್ದರೆ ಇಷ್ಟು ಮಾತಾಡುತ್ತಿದ್ದನಾ ಎಂದು ಆ ಹುಡುಗಿ ನಕ್ಕಳು. ಇದ್ದಾಗ ಏನನ್ನು ಮಾತಾಡಿದ್ದೆ? ಹೋಗುವ ಮುನ್ನ ಹೆಂಡತಿ ಪೆಟ್ಟಿಗೆಯ ಮೇಲೆ ಕೂತು ಝಿಪ್ ಎಳೆಯುತ್ತ ಹೇಳಿದ್ದಳು: ‘ನಂಗೇನೂ ಕೋಪ ಇಲ್ಲ ರೀ. ನೀವು ಹೊಡೀಲಿಲ್ಲ, ಬೈಲಿಲ್ಲ. ಆದ್ರೆ ನಿಮ್ಮ ಹತ್ರ ಮಾತಾಡಿದ್ರೆ ಖಾಲಿ ಮನೇಲಿ ಮಾತಾಡಿದ ಹಾಗೆ. ನನ್ನ ದನೀನೇ ನಂಗೆ ವಾಪಸ್ ಬರುತ್ತೆ.’ ಆಗಲೂ ಅವನು ಏನು ಮಾಡಿದ? ಝಿಪ್ಪಿಗೆ ಸಿಕ್ಕಿಕೊಂಡಿದ್ದ ಸೆರಗಿನ ಅಂಚನ್ನು ಬಿಡಿಸಿಕೊಟ್ಟ. ಜಗಳವಾಗಲಿ, ಅಳುವಾಗಲಿ ಆಗಲಿಲ್ಲ. ಅವಳ ಕಾಲೇಜಿನ ಗ್ರಂಥಾಲಯದ ಕೆಲಸ ಬೇರೆ ಊರಿಗೆ ವರ್ಗವಾಗಿದೆಯೆಂದು ಸಾಲಿನ ಮನೆಯವರೆಲ್ಲ ನಂಬಿದರು. ವರ್ಗ ಕೇಳಿ ಪಡೆದದ್ದೆಂದು ಅವನಿಗೊಬ್ಬನಿಗೆ ಗೊತ್ತಿತ್ತು.

ಮನೆಯಲ್ಲಿ ಕೂರಲಾಗಲಿಲ್ಲ. ಸುಣ್ಣ ತರಲು ಸ್ಕೂಟರ್ ಹತ್ತಿ ಹೊರಟ. ದಾರಿಯುದ್ದಕ್ಕೂ ಎದುರಾದವರೆಲ್ಲ ಅವನನ್ನು ಅದೇ ಹೆಸರಿನಿಂದ ಗುರುತಿಸುತ್ತಿದ್ದಾರೆ ಅನ್ನಿಸುತ್ತಿತ್ತು. ಒಬ್ಬಾತ ಸೈಕಲ್ ನಿಲ್ಲಿಸಿ, ‘ಏನ್ ಸಾರ್, ಕನ್ನಡಕದ ಅಂಗಡಿ ಇವತ್ತಿಲ್ವಾ?’ ಎಂದಾಗ, ತನಗೆ ಈಗಲೂ ಒಂದು ಅಂಗಡಿಯಿದೆ, ಅದರ ಹೆಸರಿನಿಂದ ಜನ ಕರೆಯುತ್ತಾರೆ ಎಂದು ನೆನಪಾಗಿ ಎದೆ ಹಗುರಾಯಿತು. ಗೊಬ್ಬರದ ಅಂಗಡಿಯವನು ಗಲ್ಲಾಪೆಟ್ಟಿಗೆಯ ಹಿಂದೆ ಕಾಲು ಮಡಚಿ ಕೂತಿದ್ದ. ಅವನ ಸುತ್ತ ಚೀಲಗಳು ಮಾಡಿನ ತನಕ ಏರಿದ್ದವು. ಗಾಳಿಯಲ್ಲಿ ಮೂಗು ಸುಡುವಂಥ ಘಾಟು. ಸುಣ್ಣದಕಲ್ಲಿನ ಪುಡಿ ಒಂದು ಚೀಲ, ಪೊಟ್ಯಾಷ್ ಸ್ವಲ್ಪ, ಯೂರಿಯಾ ಆಮೇಲೆ ಎಂದು ಅವನು ಹೇಳಿದ್ದಕ್ಕೆ ಅಂಗಡಿಯವನು ಬಣ್ಣಬಣ್ಣದ ಚೀಲವೊಂದನ್ನು ಮುಂದೆ ಎಳೆದ. ‘ಅದೆಲ್ಲ ಯಾಕೆ ಸಾರ್? ಇದೊಂದು ಒಗೀರಿ ಸಾಕು. ಮೂರೂ ಇದೆ ಇದರಲ್ಲಿ. ಎಲ್ರೂ ಇದನ್ನೇ ಒಯ್ಯೋದು.’

‘ಇಲ್ಲ, ನಮ್ಮಲ್ಲಿ ರಂಜಕ ಈಗಾಗ್ಲೇ ಜಾಸ್ತಿ ಇದೆ. ಟೆಸ್ಟ್ ಮಾಡಿಸ್ದೆ.’ ಅವನು ಜೇಬಿನಿಂದ ವರದಿ ತೆಗೆದು ಬಿಡಿಸಿದ.

‘ಹುಲ್ಲಿಗಾ?’ ಅಂಗಡಿಯವನು ಹಾಳೆಯನ್ನು ನೋಡಲಿಲ್ಲ, ಅವನ ಮುಖ ನೋಡಿದ. ‘ಅಲ್ಲ ಸಾರ್, ಹುಲ್ಲಿಗೆ ಯಾರಾದ್ರೂ ಟೆಸ್ಟ್ ಮಾಡಿಸ್ತಾರಾ? ಅದೇನು ಹೆತ್ತ ಮಗೂನಾ?’

ಚೀಲ ಹೊರುವ ಆಳು ನಕ್ಕ. ಅವನೂ ನಕ್ಕ. ಇಂಥ ಕಡೆ ನಗುವುದು ಅವನಿಗೆ ಅಭ್ಯಾಸವಾಗಿತ್ತು. ಮಕ್ಕಳ ವಿಷಯ ಬಂದಾಗಲೆಲ್ಲ ಅವಳು ಎದ್ದು ಒಳಗೆ ಹೋಗುತ್ತಿದ್ದಳು, ಅವನು ಕೂತಲ್ಲೇ ನಕ್ಕು ಮಾತು ತೇಲಿಸುತ್ತಿದ್ದ. ಒಳಗೆ ಹೋದವಳು ಏನು ಮಾಡುತ್ತಿದ್ದಳೆಂದು ಒಮ್ಮೆಯೂ ಎದ್ದು ನೋಡಿರಲಿಲ್ಲ.

ಅಂಗಡಿಯವನು ಸುಣ್ಣ ತೂಗಿಸುತ್ತ, ‘ಈ ಸಲ ಮೂಳೆ ಪುಡಿ ಬೇಡ್ವಾ?’ ಎಂದ.

‘ಯಾವ ಮೂಳೆ ಪುಡಿ?’

‘ಅಯ್ಯೋ, ಪ್ರತಿ ವರ್ಷ ನೀವೇ ಅಲ್ವಾ ಒಯ್ತಿದ್ದಿದ್ದು, ಸಣ್ಣ ಚೀಲ? ಅಮ್ಮಾವ್ರು ಹೇಳಿದಾರೆ, ಹುಲ್ಲಿಗೆ ಅಂತ.’

ಗಾಜು ಬದಲಿಸಿದಾಗ ಗೋಡೆಯ ಅಕ್ಷರ ಥಟ್ಟನೆ ಕಣ್ಣಿಗೆ ಬಂದು ಬಡಿಯುತ್ತದಲ್ಲ, ಹಾಗೆ. ಹಳೆಯ ಆ ಒಂದು ಬೆಳಗು ಪೂರ್ತಿ ಎದ್ದು ನಿಂತಿತು. ಹೊಸದಾಗಿ ಹಾಸಿದ ಹುಲ್ಲು ಇನ್ನೂ ಚೌಕ ಚೌಕವಾಗಿ ಕಾಣುತ್ತಿದ್ದ ದಿನಗಳು. ಅವಳು ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು, ‘ಹುಲ್ಲಿಗೆ ಏನಾದ್ರೂ ಹಾಕ್ಬೇಕಂತೆ ರೀ. ಏನು ಹಾಕೋಣ?’ ಎಂದಿದ್ದಳು. ಹಾಕೋಣ ಎಂದಿದ್ದಳು, ಹಾಕಲಿ ಎಂದಿರಲಿಲ್ಲ. ಅವನು ಪೇಪರಿನಿಂದ ತಲೆ ಎತ್ತದೆ, ‘ಮೂಳೆ ಪುಡಿ ಹಾಕು’ ಎಂದಿದ್ದ. ಯಾಕೆ ಮೂಳೆ ಪುಡಿ? ಆ ಪುಟದಲ್ಲಿ ಅದರ ಜಾಹೀರಾತಿತ್ತೋ ಏನೋ. ಮಾತು ಮುಗಿಯಲಿ, ಅವಳು ಹೋಗಲಿ ಎಂಬುದಷ್ಟೇ ಆಗ ಬೇಕಿತ್ತು. ಆಮೇಲೆ ಪ್ರತಿ ವರ್ಷ ತಾನೇ ಒಂದು ಚೀಲ ತಂದು ಹಿತ್ತಿಲ ಬಾಗಿಲ ಬಳಿ ಇಡುತ್ತಿದ್ದ, ದೊಡ್ಡ ಉಪಕಾರ ಮಾಡಿದವನ ಹಾಗೆ. ಇಟ್ಟ ಮೇಲೆ ಅದರ ನೆನಪೂ ಇರುತ್ತಿರಲಿಲ್ಲ. ಅವಳು ಅದನ್ನು ಹಾಕುತ್ತ ಹೋದಳು. ತಲೆ ಎತ್ತದೆ ಆಡಿದ ಒಂದು ಮಾತನ್ನು ನಂಬಿ ಅವಳು ವರ್ಷ ವರ್ಷ ಬೊಗಸೆಯಲ್ಲಿ ತುಂಬಿ ಚೆಲ್ಲಿದಳು. ಅದು ಕರಗದೆ, ಕೊಚ್ಚಿಹೋಗದೆ, ಮಣ್ಣಿನಲ್ಲಿ ಕೂತುಕೊಂಡು ಬೆಳೆಯಿತು. ರಂಜಕ ಎಲ್ಲಿಗೂ ಹೋಗಲ್ಲ ಸಾರ್, ಹಾಕಿದ್ದು ಹಾಕಿದ ಹಾಗೇ ಇರುತ್ತೆ, ಎಂದು ಆ ಹುಡುಗಿ ಮೊದಲ ಸಲವೇ ಫೋನಿನಲ್ಲಿ ಹೇಳಿದ್ದಳಲ್ಲ. ಅವನು ಸುಣ್ಣದ ಚೀಲವನ್ನು ಸ್ಕೂಟರಿನಲ್ಲಿ ಕಾಲಿಡುವ ಜಾಗದಲ್ಲಿಟ್ಟು ಮನೆಯ ಕಡೆ ತಿರುಗಿಸಿದಾಗ, ಆಶ್ಚರ್ಯವೆಂದರೆ, ಬೆಳಗಿನ ಅವಮಾನ ಹೋಗಿಬಿಟ್ಟಿತ್ತು. ಅದರ ಜಾಗದಲ್ಲಿ ಭಾರವಾದ, ಹೆಚ್ಚು ಕಡಿಮೆ ಹಿತವಾದ ಒಂದು ಪಶ್ಚಾತ್ತಾಪ ಬಂದು ಕೂತಿತ್ತು. ಇವತ್ತು ಅವಳು ಬಂದಾಗ ಹೇಳಬಹುದು. ಹೇಳಲು ಕೊನೆಗೂ ಒಂದು ವಿಷಯ ಸಿಕ್ಕಿತು. ನೀನು ಕೇಳಿದಾಗ ನಾನು ತಲೆ ಎತ್ತಲಿಲ್ಲ; ನೋಡು, ಮಣ್ಣಿನಲ್ಲಿ ಹೇಗೆ ಉಳಿದಿದೆ. ಅವಳು ವರದಿಯ ಹಾಳೆಯನ್ನು ಹಿಡಿದುಕೊಂಡು ಓದುತ್ತಾಳೆ. ಕಣ್ಣು ತುಂಬಿಕೊಂಡಾವು. ಸಿಗ್ನಲ್ಲಿನಲ್ಲಿ ಹಿಂದಿನವರು ಹಾರನ್ ಬಾರಿಸಿದಾಗಲೇ ಅವನಿಗೆ ಎಚ್ಚರವಾದದ್ದು.

ಊಟವಾದ ಮೇಲೆ ಪ್ಯಾಂಟು ಮಡಚಿ ಹುಲ್ಲಿಗಿಳಿದ. ಇಬ್ಬನಿ ಆರಿತ್ತು. ಸುಣ್ಣವನ್ನು ಎರಡು ಪಾಲು ಮಾಡಬೇಕು. ಒಂದು ಪಾಲನ್ನು ಉದ್ದಕ್ಕೆ ನಡೆಯುತ್ತ ಬೀರಬೇಕು, ಇನ್ನೊಂದನ್ನು ಅಡ್ಡಕ್ಕೆ. ಹಾಗಾದರೆ ಒಂದು ಕಡೆ ಜಾಸ್ತಿ, ಒಂದು ಕಡೆ ಕಡಿಮೆ ಆಗುವುದಿಲ್ಲ. ಮೊದಮೊದಲು ಕೈ ತುಂಬ ಬಿದ್ದು ಹುಲ್ಲಿನ ಮೇಲೆ ಬಿಳಿಯ ಗುಪ್ಪೆಗಳಾದವು. ಆಮೇಲೆ ಬೆರಳು ಸಡಿಲಿಸಿ ಸೋರಿಬಿಡುವುದು ಒಗ್ಗಿತು. ಕಸೂತಿಯ ಹಾಗೆ ಒಂದು ಸಾಲು, ಅದರ ಪಕ್ಕದಲ್ಲಿ ಇನ್ನೊಂದು. ಗಾಳಿ ಎದ್ದಾಗ ಪುಡಿ ಮೀಸೆಗೆ, ರೆಪ್ಪೆಗೆ ಹತ್ತಿತು. ನಡೆಯುತ್ತ ನಡೆಯುತ್ತ ಅವನು ಹೇಳಬೇಕಾದ ಮಾತನ್ನು ಜೋಡಿಸುತ್ತಿದ್ದ. ಮೊದಲು ನೀರು ಕೊಡಬೇಕು. ತಕ್ಷಣ ಶುರು ಮಾಡಬಾರದು. ಅವಳು ಕೂತ ಮೇಲೆ, ಯಂತ್ರದ ಮಾತು ಮುಗಿದ ಮೇಲೆ, ‘ಅಂದ ಹಾಗೆ’ ಎಂದು. ಅಂದ ಹಾಗೆ ಬೇಡ. ಅದು ನಾಟಕದ ಮಾತಿನಂತಾಗುತ್ತದೆ. ಉದ್ದದ ಪಾಲು ಮುಗಿದಿತ್ತು. ಅಡ್ಡದ ಪಾಲಿಗೆ ಬಕೆಟ್ಟು ತುಂಬಿಕೊಳ್ಳುತ್ತಿದ್ದಾಗ ಗೇಟಿನ ಸದ್ದಾಯಿತು. ಸಂಜೆ ಬರುತ್ತೇನೆಂದವಳು ಬಿಸಿಲಿರುವಾಗಲೇ ಬಂದಿದ್ದಳು. ಸಣ್ಣ ಸರಕು ಗಾಡಿಯೊಂದು ರಸ್ತೆಯಲ್ಲಿ ನಿಂತಿತ್ತು, ಅದರ ಚಾಲಕ ಹಿಂದೆ ಬರುತ್ತಿದ್ದ. ಅವಳು ತಿಳಿ ನೀಲಿ ಸೀರೆಯಲ್ಲಿ, ಹಿಂದಿನ ಅಭ್ಯಾಸದಂತೆ, ಹುಲ್ಲನ್ನು ಹಾದು ನೇರ ಬಾಗಿಲಿಗೆ ಬರಲು ಕಾಲೆತ್ತಿದಳು.

‘ಏಯ್, ತುಳೀಬೇಡ! ಸುಣ್ಣ ಹಾಕಿದೀನಿ!’

ಅದು ಅವನದೇ ದನಿ. ಪಕ್ಕದ ಮನೆಯ ಕಿಟಕಿಯಲ್ಲಿ ಪರದೆ ಅಲುಗಿತು. ಅವಳು ಎತ್ತಿದ ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು. ಒಂದು ವರ್ಷಕ್ಕೂ ಮೇಲಾಗಿತ್ತು ಅವಳನ್ನು ನೋಡಿ, ಮತ್ತು ಅವಳಿಗೆ ಆಡಿದ ಮೊದಲ ಮಾತು ಅದಾಗಿತ್ತು. ಎಂದೂ ದನಿ ಏರಿಸದ ಗಂಡ ಎಂದು ಅವಳ ಕಡೆಯವರೂ ಒಪ್ಪುತ್ತಿದ್ದರು. ಏರಿಸಿದ್ದು ಇವತ್ತು, ಹುಲ್ಲಿಗಾಗಿ. ‘ಅಲ್ಲ... ಕಾಲಿಗೆ ಹತ್ತುತ್ತೆ ಅಂತ’ ಎಂದ. ‘ಚಪ್ಪಲಿ ಇದೆ’ ಎಂದಳು ಅವಳು. ಆದರೂ ಚಾಲಕನಿಗೆ ಕೈಸನ್ನೆ ಮಾಡಿ ಗೋಡೆಯ ಪಕ್ಕದ ಕಲ್ಲುಹಾಸಿನ ಮೇಲೆ ಸುತ್ತಿಕೊಂಡು ಬಂದಳು.

ಹೊಲಿಗೆ ಯಂತ್ರ ನಡುಮನೆಯ ಮೂಲೆಯಲ್ಲಿ ಬಟ್ಟೆ ಹೊದ್ದು ನಿಂತಿತ್ತು. ಚಾಲಕ ಒಂದು ಕಡೆ, ಅವನು ಒಂದು ಕಡೆ ಹಿಡಿದು ಎತ್ತಿದರು. ಕಬ್ಬಿಣದ ಕಾಲು ಬಾಗಿಲ ಚೌಕಟ್ಟಿಗೆ ತಾಗಿ ಬಣ್ಣ ಕಿತ್ತಿತು. ‘ನಿಧಾನ’ ಎಂದಳು ಅವಳು, ಯಾರಿಗೆಂದು ತಿಳಿಯಲಿಲ್ಲ. ಗಾಡಿಗೆ ಏರಿಸಿ, ಚಾಲಕ ಹಗ್ಗ ಬಿಗಿಯುತ್ತಿದ್ದಾಗ ಅವನು ಒಳಗೆ ಬಂದು ನೀರು ಕೊಟ್ಟ. ಅವಳು ನಿಂತೇ ಕುಡಿದಳು, ಪರಕೀಯರ ಮನೆಯಲ್ಲಿ ಕುಡಿಯುವಂತೆ ಲೋಟವನ್ನು ತುಟಿಗೆ ಸೋಕಿಸದೆ. ಆಗಲೇ ಅವನು ಅವಳ ಕನ್ನಡಕ ನೋಡಿದ್ದು. ಹೊಸದು. ಬೇರೆ ಯಾರದೋ ಅಂಗಡಿಯದು. ಮದುವೆಯಾದಾಗಿನಿಂದ ಅವಳ ಪ್ರತಿಯೊಂದು ಕನ್ನಡಕವನ್ನೂ ಅವನೇ ಮಾಡಿದ್ದ. ಅವಳ ಎಡಗಿವಿ ಬಲಗಿವಿಗಿಂತ ಕೂದಲೆಳೆಯಷ್ಟು ಮೇಲಿದೆಯೆಂಬುದು ಜಗತ್ತಿನಲ್ಲಿ ಅವನಿಗೊಬ್ಬನಿಗೆ ಗೊತ್ತಿದ್ದ ವಿಷಯ. ಈ ಕನ್ನಡಕ ಬಲಕ್ಕೆ ವಾಲಿತ್ತು. ಮೂಗಿನ ಒಂದು ಬದಿಯಲ್ಲಿ ಒತ್ತಿ ಕೆಂಪು ಗುರುತು ಮೂಡಿತ್ತು.

‘ನೋವಾಗಲ್ವಾ ಅದು?’ ಎಂದ.

‘ಯಾವುದು?’

‘ಮೂಗಿನ ಹತ್ರ. ಕೊಡು ಇಲ್ಲಿ, ಸರಿ ಮಾಡ್ತೀನಿ.’

ಅವಳು ಸ್ವಲ್ಪ ಹೊತ್ತು ಅನುಮಾನಿಸಿ ತೆಗೆದುಕೊಟ್ಟಳು. ಕನ್ನಡಕವಿಲ್ಲದ ಅವಳ ಮುಖ ಒಮ್ಮೆಲೆ ನಿದ್ದೆಯಿಂದೆದ್ದ ಮುಖದಂತಾಯಿತು, ಕಣ್ಣಿನ ಸುತ್ತ ಬೆಳಕು ಕಾಣದ ತೆಳು ಚರ್ಮ. ಅವನು ಖಾನೆಯಿಂದ ಸಣ್ಣ ತಿರುಪುಳಿ ತೆಗೆದು ಕಿಟಕಿಯ ಬೆಳಕಿಗೆ ಹೋಗಿ ಕೂತ. ಕೈಗೆ ಹತ್ತಿದ್ದ ಸುಣ್ಣವನ್ನು ಪ್ಯಾಂಟಿಗೆ ಒರೆಸಿಕೊಂಡ. ಕೈಗೆ ಕೆಲಸ ಸಿಕ್ಕಿದ್ದರಿಂದ, ತಲೆ ಬಗ್ಗಿಸಿಕೊಂಡಿದ್ದರಿಂದ, ಮಾತು ಬಂತು. ಹುಲ್ಲು ಹಳದಿಯಾದದ್ದು, ಮಣ್ಣು ಕಳಿಸಿದ್ದು, ವರದಿ ಬಂದದ್ದು. ರಂಜಕ ಅತಿ ಹೆಚ್ಚು. ಅಷ್ಟು ಯಾಕೆ ಸೇರಿತೆಂದು ಇವತ್ತು ತನಗೆ ತಿಳಿದದ್ದು. ‘ನೀನು ಅವತ್ತು ಕೇಳ್ದೆ, ಏನು ಹಾಕೋಣ ಅಂತ. ನಾನು ಪೇಪರ್ ನೋಡ್ಕೊಂಡೇ ಮೂಳೆ ಪುಡಿ ಅಂದ್ಬಿಟ್ಟೆ. ನೀನು ಪಾಪ, ಅಷ್ಟು ವರ್ಷ ಅದನ್ನೇ...’ ಹೇಳಿಬಿಟ್ಟೆನಲ್ಲ ಎಂಬ ಸಮಾಧಾನದಲ್ಲಿ ಅವನು ಕಾದ.

ಅವಳು ನಗುತ್ತಿದ್ದಳು. ಕಣ್ಣು ಕಿರಿದು ಮಾಡಿಕೊಂಡು, ಅವನ ಮುಖ ಎಲ್ಲಿದೆಯೆಂದು ಹುಡುಕುತ್ತ. ‘ಅಯ್ಯೋ, ನಾನೆಲ್ಲಿ ಹಾಕಿದೆ? ನಂಗೆ ಆ ವಾಸನೇನೇ ಆಗ್ತಿರ್ಲಿಲ್ಲ.’

‘ಮತ್ತೆ ಚೀಲಗಳು?’

‘ಕಾಲೇಜಿಗೆ ಒಯ್ದು ಕೊಡ್ತಿದ್ದೆ, ಗುಲಾಬಿ ಗಿಡಕ್ಕೆ. ಅಲ್ಲಿ ಗುಲಾಬಿ ಎಷ್ಟು ಚೆನ್ನಾಗಿ ಬರ್ತಿತ್ತು ಗೊತ್ತಾ? ನೀವು ತಂದಿಡ್ತಿದ್ರಿ, ಬೇಡ ಅಂದ್ರೆ ಯಾಕೆ ಅಂತ ಕೇಳ್ಬೇಕಲ್ಲ ನೀವು, ನಾನು ಹೇಳ್ಬೇಕಲ್ಲ. ಅದಕ್ಕೆ ಸುಮ್ನಿದ್ದೆ.’

‘ಹಾಗಾದ್ರೆ ಈ ರಂಜಕ?’

‘ಇಲ್ಲಿ ಕೋಳಿ ಫಾರಂ ಇತ್ತಲ್ಲ, ಸೈಟ್ ಮಾಡೋಕೆ ಮುಂಚೆ. ಆ ಕೋಳಿ ಗೊಬ್ಬರ ಎಲ್ಲ ಈ ಮಣ್ಣಲ್ಲೇ ಇರುತ್ತೆ. ಮನೆ ಮಾರಿದವರು ಹೇಳಿದ್ರು. ನೀವೂ ಪಕ್ಕದಲ್ಲೇ ಇದ್ರಿ.’ ಅವಳು ಕೈ ಚಾಚಿದಳು. ‘ಆಯ್ತಾ?’

ಅವನು ತಿರುಪನ್ನು ಇನ್ನೊಂದು ಸುತ್ತು ತಿರುಗಿಸಿದ. ಬೇಕಾಗಿರಲಿಲ್ಲ. ಕೋಳಿ. ಅವರಿಬ್ಬರ ಮುಖವನ್ನೂ ನೋಡಿರದ ಯಾವುದೋ ಕಾಲದ ಕೋಳಿಗಳು. ಬೆಳಗಿನಿಂದ ಹೊತ್ತು ತಂದಿದ್ದ ಭಾರವನ್ನು ಯಾರೋ ಬಾಗಿಲಲ್ಲೇ, ಇದು ನಿಮ್ಮದಲ್ಲ ಎಂದು ಇಳಿಸಿಕೊಂಡ ಹಾಗಾಯಿತು. ಹಗುರವಾಗಬೇಕಿತ್ತು, ಬದಲಿಗೆ ಕೈ ಬರಿದಾಯಿತು. ತನ್ನ ಅಲಕ್ಷ್ಯವೂ ಅವಳನ್ನು ಮುಟ್ಟಿರಲಿಲ್ಲ. ಅವಳು ಅದನ್ನೂ ಅವನ ಬೇರೆಲ್ಲ ಮಾತುಗಳ ಜೊತೆ ಬೇರೆ ಕಡೆ ಒಯ್ದು ಚೆಲ್ಲಿ ಬಂದಿದ್ದಳು, ಮತ್ತು ಅಲ್ಲಿ ಗುಲಾಬಿ ಬಿಟ್ಟಿತ್ತು. ಅವನು ಎದ್ದು ಹೋಗಿ ಕನ್ನಡಕವನ್ನು ಅವಳ ಕೈಗೆ ಕೊಡದೆ, ಅಂಗಡಿಯಲ್ಲಿ ಮಾಡುವಂತೆ, ತಾನೇ ಅವಳ ಮುಖಕ್ಕೆ ಏರಿಸಿದ. ಕಿವಿಯ ಹಿಂದೆ ಬೆರಳು ತಾಗಿತು. ಅವಳು ಹಿಂದೆ ಸರಿಯಲಿಲ್ಲ; ಗಿರಾಕಿಗಳೂ ಸರಿಯುವುದಿಲ್ಲ.

‘ಈಗ?’

‘ಸರಿಯಾಗಿದೆ. ಹಗುರ ಅನ್ಸುತ್ತೆ.’ ಅವಳು ತಲೆ ಅಲುಗಿಸಿ ನೋಡಿ, ಹೊರಟಳು. ಅವನು ಹಿಂದೆಯೇ ಮೆಟ್ಟಿಲ ತನಕ ಬಂದ. ಬಿಳಿಯ ಗೆರೆಗಳೆದ್ದ ಹುಲ್ಲು, ಅರ್ಧ ತುಂಬಿದ ಬಕೆಟ್ಟು. ಅವಳು ಕಲ್ಲುಹಾಸಿನ ಮೇಲೆ ನಾಲ್ಕು ಹೆಜ್ಜೆ ಹೋಗಿದ್ದಾಗ ಅವನು ಕೇಳಿದ. ಮೊದಲೇ ಜೋಡಿಸಿಟ್ಟುಕೊಂಡ ಮಾತಲ್ಲ ಅದು. ಉತ್ತರ ಗೊತ್ತಿದ್ದು ಕೇಳಿದ್ದೂ ಅಲ್ಲ.

‘ಹಾಗಾದ್ರೆ ದಿನಾ ಸಂಜೆ ಇಲ್ಲಿ ಏನು ಮಾಡ್ತಿದ್ದೆ ನೀನು? ಹುಲ್ಲು ನೋಡ್ಕೊಳ್ತಿದೀಯ ಅಂದ್ಕೊಂಡಿದ್ದೆ.’

ಅವಳು ನಿಂತಳು. ‘ಏನೂ ಮಾಡ್ತಿರ್ಲಿಲ್ಲ. ಕೂತಿರ್ತಿದ್ದೆ.’

‘ಎಲ್ಲಿ?’

‘ಅಲ್ಲಿ.’ ನಲ್ಲಿಯ ಪಕ್ಕ, ಗೋಡೆಯ ಮೂಲೆಯಲ್ಲಿ ಮನೆ ಕಟ್ಟುವಾಗ ಉಳಿದ ಒಂದು ಚಪ್ಪಡಿ ಕಲ್ಲಿತ್ತು.

‘ಏನು ನೋಡ್ತಾ?’

ಗಾಡಿಯವನು ಹಾರನ್ ಮಾಡಿದ. ಅವಳು ಗಾಡಿಯ ಕಡೆ ನೋಡಿ, ಅವನ ಕಡೆ ನೋಡಿ, ಮೃದುವಾಗಿ, ‘ಹೊತ್ತಾಗುತ್ತೆ. ಬರ್ತೀನಿ’ ಎಂದಳು. ಗೇಟನ್ನು ಸದ್ದಾಗದಂತೆ ಎಳೆದುಕೊಂಡಳು. ಗಾಡಿ ತಿರುವಿನಲ್ಲಿ ಮರೆಯಾಗುವಾಗ ಯಂತ್ರದ ಗಾಲಿ ತನ್ನಷ್ಟಕ್ಕೆ ತಿರುಗುತ್ತಿರುವುದು ಕಾಣುತ್ತಿತ್ತು.

ಅಡ್ಡದ ಪಾಲು ಬಾಕಿಯಿತ್ತು. ಬಿಟ್ಟುಬಿಡೋಣವೆನಿಸಿದರೂ ಬಿಡಲಿಲ್ಲ. ಒಂದೊಂದೇ ಸಾಲು ನಡೆದು ಬೀರಿದ. ಈಗ ಜೋಡಿಸಲು ಮಾತಿರಲಿಲ್ಲವಾದ್ದರಿಂದ ಕೈ ಮೊದಲಿಗಿಂತ ಸಮನಾಗಿ ಆಡಿತು. ಕಡ್ಡಿ ಪೊರಕೆಯಿಂದ ಹುಲ್ಲನ್ನು ಸವರಿ ಪುಡಿ ಬುಡಕ್ಕಿಳಿಯುವಂತೆ ಮಾಡಿದ. ಕೊಳವೆ ಎಳೆದು ನೀರು ಬಿಟ್ಟ. ಬಿಳಿ ಕರಗುತ್ತ ಮೊದಲು ಬೂದಿಯಾಗಿ, ಆಮೇಲೆ ಏನೂ ಅಲ್ಲದ್ದಾಗಿ ಮಣ್ಣಿಗೆ ಇಳಿಯಿತು. ಹುಳಿ ಇಳಿಯಲು ತಿಂಗಳುಗಳು ಬೇಕು. ಇವತ್ತಿನ ಕೆಲಸ ಇವತ್ತು ಕಾಣುವುದಿಲ್ಲ. ಅಷ್ಟರಲ್ಲಿ ಮಬ್ಬಾಗಿತ್ತು. ನಲ್ಲಿ ನಿಲ್ಲಿಸಲು ಮೂಲೆಗೆ ಹೋದವನು ಚಪ್ಪಡಿ ಕಲ್ಲಿನ ಮೇಲೆ ಕೂತ.

ಕೂತಾಗ ಬೆನ್ನಿಗೆ ಗೋಡೆ ಬಂತು, ಎದುರಿಗೆ ಮನೆ. ರಸ್ತೆ ಕಾಣುತ್ತಿರಲಿಲ್ಲ, ನೆರೆಯವರ ಹೂಗಿಡಗಳೂ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ನಡುಮನೆಯ ಕಿಟಕಿಯೊಂದೇ, ಮತ್ತು ಅದು ಕತ್ತಲಾಗಿತ್ತು. ಗಾಜಿನಲ್ಲಿ ಆಕಾಶದ ಉಳಿದ ಬೆಳಕು ಬಿಟ್ಟರೆ ಏನಿಲ್ಲ. ಇದನ್ನೇನು ನೋಡುತ್ತಿದ್ದಳು? ಅವನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಎದ್ದು, ಒದ್ದೆ ಕಾಲಿನಲ್ಲೇ ಒಳಗೆ ಹೋಗಿ, ನಡುಮನೆಯ ದೀಪ ಹಾಕಿ, ಬಾಗಿಲು ತೆರೆದೇ ಬಿಟ್ಟು, ಹಿಂದಿರುಗಿ ಬಂದು ಅದೇ ಕಲ್ಲಿನ ಮೇಲೆ ಕೂತ. ಈಗ ಕಿಟಕಿ ಹಳದಿಯಾಗಿ ಬೆಳಗುತ್ತಿತ್ತು. ಅದರ ಚೌಕಟ್ಟಿನೊಳಗೆ ಸರಿಯಾಗಿ ನಡುವಿಗೆ ಅವನ ಕುರ್ಚಿ. ಕುರ್ಚಿಯ ಬೆನ್ನಿನ ಮೇಲೆ ಎಣ್ಣೆ ತಲೆಯ ಕಲೆ. ಪಕ್ಕದಲ್ಲಿ ಮಡಚಿಟ್ಟ ಪೇಪರು. ತಾನು ಅಲ್ಲಿ ಕೂತು ಓದುತ್ತಿದ್ದಾಗ ಹಣೆ, ಮೂಗು, ಪುಟ ತಿರುವುವ ಕೈ ಎಲ್ಲವೂ ಇಲ್ಲಿಗೆ ಸ್ಪಷ್ಟವಾಗಿ ಕಾಣುತ್ತಿದ್ದಿರಬೇಕು. ಅಂಗಡಿಯಲ್ಲಿ ಗಿರಾಕಿ ಗೋಡೆಯ ಅಕ್ಷರ ಓದಲು ಕೂರುವಷ್ಟೇ ದೂರ.

ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಇಣುಕಿದಳು. ‘ಏನ್ ಸಾರ್, ಕತ್ತಲಲ್ಲಿ ಒಬ್ರೇ ಕೂತಿದೀರಿ? ಒಳಗೆ ಯಾರಾದ್ರೂ ಬಂದಿದಾರಾ?’

‘ಇಲ್ಲ’ ಎಂದ ಅವನು, ಕಿಟಕಿಯಿಂದ ಕಣ್ಣು ತೆಗೆಯದೆ. ‘ಯಾರೂ ಇಲ್ಲ.’

ಆಕೆ ಹೋದ ಮೇಲೂ ಅವನು ಏಳಲಿಲ್ಲ. ಕಲ್ಲು ತಣ್ಣಗಾಗುತ್ತಿತ್ತು. ಕುರ್ಚಿಯಲ್ಲಿ ಯಾರೂ ಇಲ್ಲವೆಂದು ತಿಳಿದಿದ್ದರೂ, ಅಲ್ಲಿ ಕೂತವನು ಒಮ್ಮೆಯಾದರೂ ತಲೆ ಎತ್ತಿ ಹೊರಗೆ ನೋಡಿಯಾನೇ ಎಂದು ಅವನು ನೋಡುತ್ತಲೇ ಕೂತ.